ನೆಗೆಟಿವ್ ರಿಪೋರ್ಟಿನ ಹಿಂದೆ
ಡಯಾಲಿಸಿಸ್‌ಗೆ ಹೋಗುವವರ ಫೈಲಿನಲ್ಲಿ ‘ಎಚ್‌ಬಿಎಸ್‌ಎಜಿ ನೆಗೆಟಿವ್’ ಎಂಬ ರಿಪೋರ್ಟ್ ಇದ್ದರೆ ಹೆಪಟೈಟಿಸ್ ಬಿ ಖಂಡಿತ ಇಲ್ಲ ಎಂದುಕೊಳ್ಳಬೇಡಿ. ಆ ಪರೀಕ್ಷೆ ಹುಡುಕುವುದು ವೈರಸ್ಸಿನ ಹೊರಕವಚದ ಪ್ರೋಟೀನನ್ನು ಮಾತ್ರ. ಕೆಲವರಲ್ಲಿ ಅದು ಸಿಗದಿದ್ದರೂ ವೈರಸ್ಸಿನ ಡಿಎನ್‌ಎ ಲಿವರ್‌ನಲ್ಲಿ, ಒಮ್ಮೊಮ್ಮೆ ರಕ್ತದಲ್ಲೂ ಉಳಿದಿರುತ್ತದೆ. ಕಾಮಾಲೆಯಿಲ್ಲ, ನೋವಿಲ್ಲ, ಡಯಾಲಿಸಿಸ್‌ನವರಲ್ಲಿ ಲಿವರ್ ಎಂಜೈಮ್‌ಗಳೂ ಸಾಮಾನ್ಯವಾಗಿ ಕಡಿಮೆಯೇ ಇರುವುದರಿಂದ ಅಲ್ಲೂ ಸುಳಿವು ಸಿಗುವುದು ಕಷ್ಟ.

‘ಆಂಟಿ-ಎಚ್‌ಬಿಸಿ’ ಪರೀಕ್ಷೆ ಆಗಿದೆಯೇ ಎಂದು ಡಾಕ್ಟರನ್ನು ಕೇಳಿ. ಅದು ಪಾಸಿಟಿವ್ ಬಂದರೆ ಹಿಂದೆಂದೋ ಸೋಂಕು ತಗುಲಿದ್ದಿರಬಹುದು. ಎಚ್‌ಬಿವಿ (ಹೆಪಟೈಟಿಸ್ ಬಿ ವೈರಸ್) ಡಿಎನ್‌ಎ ಪರೀಕ್ಷೆಯ ಮಾತು ಆಗ ಬರುತ್ತದೆ. ದುಬಾರಿ, ನಿಜ. ಆದರೆ ಕಿಡ್ನಿ ಕಸಿಗೆ ಹೆಸರು ಬರೆಸಿದವರು ಮುಂದೂಡಬಾರದು: ಕಸಿಯ ನಂತರದ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸಿದಾಗ ಅಡಗಿದ್ದ ವೈರಸ್ ಹೆಡೆಯೆತ್ತಬಹುದು.

ಇನ್ನು ಲಸಿಕೆ. ಡಯಾಲಿಸಿಸ್‌ನವರಿಗೆ ಸಾಮಾನ್ಯವಾಗಿ ಕೊಡುವುದು ಉಳಿದವರ ಎರಡರಷ್ಟು, ಅಂದರೆ 40 ಮೈಕ್ರೋಗ್ರಾಂ ಡೋಸ್. ಕೊನೆಯ ಡೋಸಾಗಿ ಒಂದೆರಡು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ, ಲಸಿಕೆಯಿಂದ ಬಂದ ಪ್ರತಿಕಾಯದ ಮಟ್ಟ 10 ಎಂಐಯು/ಎಂಎಲ್‌ಗಿಂತ ಕೆಳಗಿದೆಯೇ ನೋಡಿಸಿ. ಹಾಂ, ಲಸಿಕೆ ಹಾಕಿಸಿಕೊಂಡ ಕೂಡಲೇ ಎಚ್‌ಬಿಎಸ್‌ಎಜಿ ಪರೀಕ್ಷೆಗೆ ರಕ್ತ ಕೊಟ್ಟರೆ ಲಸಿಕೆಯ ಅಂಶವೇ ಪಾಸಿಟಿವ್ ತೋರಿಸಿ ಗಾಬರಿ ಹುಟ್ಟಿಸೀತು. ನಾಲ್ಕು ವಾರ ಬಿಟ್ಟು ಮಾಡಿಸಿ.