ಕೇಬಲ್ ಎಷ್ಟು ದಪ್ಪ ಬೇಕು? ಬಾವಿಯ ಆಳವನ್ನೂ ಕೇಳಿ

ಕೊಳವೆಬಾವಿಗೆ ಮೋಟಾರ್ ಇಳಿಸುವಾಗ ಎಷ್ಟು ಎಚ್‌ಪಿ, ಎಷ್ಟು ಸ್ಟೇಜ್ ಎಂದು ನಾಲ್ಕು ಕಡೆ ವಿಚಾರಿಸುವ ರೈತರು ಕೇಬಲ್ಲಿನ ಆಯ್ಕೆಯನ್ನು ಮಾತ್ರ ಅಂಗಡಿಯವರಿಗೆ ಬಿಡುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಸಾವಿರ ಅಡಿ ಬಾವಿಗಳಲ್ಲಿ ಇದು ದುಬಾರಿ ತಪ್ಪು. ತಂತಿ ಉದ್ದವಾದಷ್ಟೂ ಅದರ ರೋಧ ಏರುತ್ತದೆ, ದಪ್ಪವಾದಷ್ಟೂ ಇಳಿಯುತ್ತದೆ. ತಾಮ್ರದ ತಂತಿಯಾದರೆ 0.0172ನ್ನು ಮೀಟರ್ ಉದ್ದದಿಂದ ಗುಣಿಸಿ, ತಂತಿಯ ಚದರ ಮಿಲಿಮೀಟರ್‌ನಿಂದ ಭಾಗಿಸಬೇಕು; ಬಂದದ್ದೇ ಓಮ್ ಲೆಕ್ಕದ ರೋಧ. 4 ಚದರ ಮಿ.ಮೀ. ತಂತಿ 300 ಮೀಟರ್ ಇಳಿದರೆ ಪ್ರತಿ ಫೇಸಿಗೆ 1.29 ಓಮ್. ಹತ್ತು ಎಚ್‌ಪಿ ಮೋಟಾರ್ 18 ಆಂಪಿಯರ್ ಎಳೆಯುತ್ತದೆಂದು ಹಿಡಿಯೋಣ. ಆ ರೋಧವನ್ನು 18ರಿಂದಲೂ ಮೂರು ಫೇಸಿನ 1.73ರಿಂದಲೂ ಗುಣಿಸಿ, ಪವರ್ ಫ್ಯಾಕ್ಟರ್ 0.85ರಿಂದಲೂ ಗುಣಿಸಿದರೆ ಸುಮಾರು 34 ವೋಲ್ಟ್ ತಂತಿಯಲ್ಲೇ ಕಳೆದುಹೋಗುತ್ತದೆ. ಸ್ಟಾರ್ಟರಿನಲ್ಲಿ 415 ಇದ್ದರೂ ಮೋಟಾರಿಗೆ ಸಿಗುವುದು 381. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅದರಲ್ಲಿ ನೂರಕ್ಕೆ 16 ಪಾಲು ಇಳಿಯುತ್ತದೆ. ಲೈನಿನಲ್ಲೇ 380 ವೋಲ್ಟ್ ಇರುವ ಹೊತ್ತಿನಲ್ಲಿ ಉಳಿಯುವುದು 346 ಮಾತ್ರ. ಆಗ ಅದೇ ನೀರೆತ್ತಲು ಮೋಟಾರ್ ಹೆಚ್ಚು ಆಂಪಿಯರ್ ಎಳೆದು ಕಾಯುತ್ತದೆ, ವೈಂಡಿಂಗ್ ಸುಡುವುದು ಹೀಗೆ.

4 ಚದರ ಮಿ.ಮೀ. ತಂತಿ 18 ಆಂಪಿಯರನ್ನು ಧಾರಾಳವಾಗಿ ತಾಳುತ್ತದೆ, ನೀರಲ್ಲಿ ತಣ್ಣಗೂ ಇರುತ್ತದೆ ಎಂದು ಅಂಗಡಿಯವರು ಹೇಳಬಹುದು. ಮಾತು ಸುಳ್ಳಲ್ಲ. ಆದರೆ ಆಂಪಿಯರ್ ಪಟ್ಟಿ ತಿಳಿಸುವುದು ಹೊದಿಕೆ ಕರಗದಿರಲು ಬೇಕಾದ ದಪ್ಪವನ್ನು. ಉದ್ದಕ್ಕೆ ಅಲ್ಲಿ ಜಾಗವಿಲ್ಲ. ನೀರಿನ ತಂಪೂ ರೋಧವನ್ನು ಒಂದು ಡಿಗ್ರಿಗೆ ನೂರಕ್ಕೆ 0.4ರಷ್ಟು ಮಾತ್ರ ತಗ್ಗಿಸುತ್ತದೆ. 10 ಚದರ ಮಿ.ಮೀ. ಕೇಬಲ್ ಹಾಕಿದರೆ ನಷ್ಟ 14 ವೋಲ್ಟಿಗೆ ಇಳಿಯುತ್ತದೆ. ಹತ್ತು ಎಚ್‌ಪಿವರೆಗೆ ಕರೆಂಟಿಗೆ ಬಿಲ್ಲಿಲ್ಲವಲ್ಲ, ಪೋಲಾದರೆ ನಮಗೇನು ಎಂಬ ಪ್ರಶ್ನೆಯೂ ಇದೆ. ಆ ತೆಳ್ಳಗಿನ ಕೇಬಲ್ ಗಂಟೆಗೆ ಒಂದೂಕಾಲು ಯೂನಿಟ್ ಬಿಸಿಯಾಗಿ ಕಳೆಯುತ್ತದೆ. ಅದಕ್ಕೆ ಹಣ ತೆರದಿದ್ದರೂ, ಸಾವಿರ ಅಡಿ ಪೈಪು ಎತ್ತಿಸುವ ಕೂಲಿ, ವೈಂಡಿಂಗ್ ಖರ್ಚು, ಆ ವಾರ ಒಣಗುವ ಬೆಳೆ ರೈತರದ್ದೇ. ಅಲ್ಯೂಮಿನಿಯಂ ಅಗ್ಗ, ನಿಜ. ಆದರೆ ಅದರ ಅಂಕಿ 0.028, ಅದೇ ರೋಧಕ್ಕೆ 1.6 ಪಟ್ಟು ದಪ್ಪ ಬೇಕು. ಇನ್ನು ಕೇಬಲ್ ಮೇಲೆ ಅಚ್ಚಾದ ಅಳತೆಯನ್ನು ಕಣ್ಣುಮುಚ್ಚಿ ನಂಬಬಾರದು. ತುದಿ ಬಿಡಿಸಿ ಎಳೆಗಳನ್ನು ಎಣಿಸಿ: 0.3 ಮಿ.ಮೀ. ಎಳೆಯೊಂದು 0.0707 ಚದರ ಮಿ.ಮೀ., 4 ಚದರ ಮಿ.ಮೀ.ಗೆ ಅಂಥವು 56–57 ಬೇಕು. 45 ಮಾತ್ರ ಸಿಕ್ಕರೆ ಅದು 3.2ರ ತಂತಿ, 300 ಮೀಟರಿಗೆ ಅದರ ರೋಧ 1.6 ಓಮ್ ದಾಟುತ್ತದೆ.