ವಿದ್ಯುತ್ತಿನ ಮಿತವ್ಯಯದಲ್ಲಿ ಮೂರನೆಯ ಸಂಕೇತ

ಪೀಠಿಕೆ

ನಮ್ಮ ದೇಶದ ವಿದ್ಯುನ್ಮಾನ ಉದ್ಯಮದ ಇತಿಹಾಸದಲ್ಲಿ ಹೈದರಾಬಾದ್ ನಗರಕ್ಕೆ ವಿಶಿಷ್ಟ ಸ್ಥಾನವಿದೆ. ಪರಮಾಣು ಶಕ್ತಿ ಇಲಾಖೆಯ ಅಧೀನದಲ್ಲಿ 1967ರಲ್ಲಿ ಇಲ್ಲಿ ಸ್ಥಾಪನೆಗೊಂಡ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಸಂಸ್ಥೆಯು ಟಿಡಿಸಿ ಶ್ರೇಣಿಯ ಗಣಕಯಂತ್ರಗಳನ್ನು ತಯಾರಿಸಿತು. ಇಂದು ಅದೇ ನಗರದಲ್ಲಿ ಅಸಂಖ್ಯ ಗಣಕಗಳನ್ನು ಒಂದೆಡೆ ಕೂಡಿಸಿ ಹಗಲಿರುಳೂ ನಡೆಸುವ ದತ್ತಾಂಶ ಕೇಂದ್ರಗಳಿವೆ. ಅಮೆಜಾನ್ ಸಂಸ್ಥೆಯ ಇಂತಹ ಕೇಂದ್ರಗಳ ಸಮೂಹವು 2022ರ ನವೆಂಬರ್ ತಿಂಗಳಲ್ಲಿ ಇಲ್ಲಿ ಕಾರ್ಯಾರಂಭ ಮಾಡಿತು. ಈ ಕೇಂದ್ರಗಳಲ್ಲಿ ವ್ಯರ್ಥವಾಗುವ ವಿದ್ಯುತ್ತು ಶಾಖವಾಗಿ ಮಾರ್ಪಡುತ್ತದೆ. ಆ ಶಾಖವನ್ನು ಹೊರಹಾಕಲು ಮತ್ತಷ್ಟು ವಿದ್ಯುತ್ತನ್ನು ವ್ಯಯಿಸಬೇಕಾಗುತ್ತದೆ. ಈ ಇಮ್ಮಡಿ ನಷ್ಟವನ್ನು ತಗ್ಗಿಸುವಲ್ಲಿ ಒಂದು ಕಿರಿಯ ಸಂಕೇತದ ಪಾತ್ರವೇನೆಂಬುದನ್ನು ಈ ಪಾಠದಲ್ಲಿ ಪರಿಶೀಲಿಸೋಣ.

ವೋಲ್ಟೇಜನ್ನು ಇಳಿಸುವ ಎರಡು ವಿಧಾನಗಳು

ಗಣಕದೊಳಗಿನ ಮುಖ್ಯ ಫಲಕಕ್ಕೆ ಸಾಮಾನ್ಯವಾಗಿ 12 ವೋಲ್ಟ್ ವಿದ್ಯುತ್ತು ಬರುತ್ತದೆ. ಆದರೆ ಗಣಕದ ಮಿದುಳೆನಿಸಿದ ಪ್ರೊಸೆಸರಿಗೆ ಬೇಕಾದದ್ದು ಸುಮಾರು 1 ವೋಲ್ಟ್ ಮಾತ್ರ. ಹೆಚ್ಚುವರಿ ವೋಲ್ಟೇಜನ್ನು ಟ್ರಾನ್ಸಿಸ್ಟರಿನಲ್ಲಿ ಶಾಖವಾಗಿ ಕಳೆಯುವುದು ಹಳೆಯ ವಿಧಾನ. ಇದರಲ್ಲಿ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ವಿದ್ಯುತ್ತು ನಷ್ಟವಾಗುತ್ತದೆ.

ಎರಡನೆಯದು ಸ್ವಿಚ್ಚಿನ ವಿಧಾನ. ಇದರಲ್ಲಿ ಟ್ರಾನ್ಸಿಸ್ಟರುಗಳಿಂದಾದ ಎರಡು ಸ್ವಿಚ್ಚುಗಳು, ತಂತಿಯ ಒಂದು ಸುರುಳಿ ಮತ್ತು ಒಂದು ಕೆಪಾಸಿಟರು ಇರುತ್ತವೆ. ಮೇಲಿನ ಸ್ವಿಚ್ಚು ಸುರುಳಿಯನ್ನು 12 ವೋಲ್ಟಿಗೂ, ಕೆಳಗಿನ ಸ್ವಿಚ್ಚು ಅದನ್ನು ಶೂನ್ಯ ವೋಲ್ಟಿಗೂ ಜೋಡಿಸುತ್ತವೆ. ಇವು ಸೆಕೆಂಡಿಗೆ ಕೆಲವು ಲಕ್ಷ ಬಾರಿ ಸರದಿಯಂತೆ ತೆರೆದು ಮುಚ್ಚುತ್ತವೆ. ಮೇಲಿನದು ಒಟ್ಟು ಕಾಲದ ಹನ್ನೆರಡರಲ್ಲೊಂದು ಭಾಗದಷ್ಟು ಮಾತ್ರ ವಿದ್ಯುತ್ತನ್ನು ಹರಿಯಬಿಟ್ಟರೆ, ಹೊರಬರುವ ಸರಾಸರಿ ವೋಲ್ಟೇಜು 1 ಆಗುತ್ತದೆ. ಸುರುಳಿಯೂ ಕೆಪಾಸಿಟರೂ ಏರಿಳಿತಗಳನ್ನು ಸಮಗೊಳಿಸುತ್ತವೆ. ಈ ವಿಧಾನದಲ್ಲಿ ನೂರಕ್ಕೆ ತೊಂಬತ್ತರ ಆಸುಪಾಸಿನ ದಕ್ಷತೆಯನ್ನು ಸಾಧಿಸಬಹುದು.

ನಿಯಂತ್ರಕ ಮತ್ತು ಚಾಲಕ

ನಮ್ಮ ಹಳ್ಳಿಗಳಲ್ಲಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ಊರಿನ ಹಿರಿಯರು ನಿರ್ಧರಿಸುತ್ತಿದ್ದರು. ತೂಬನ್ನು ತೆರೆದು ಮುಚ್ಚುತ್ತಿದ್ದವನು ನೀರಗಂಟಿ. ಇಲ್ಲಿಯೂ ಅಂತಹುದೇ ಶ್ರಮವಿಭಾಗವನ್ನು ಕಾಣಬಹುದು. ಹೊರಬರುವ ವೋಲ್ಟೇಜನ್ನು ಸದಾ ಗಮನಿಸಿ, ಸ್ವಿಚ್ಚು ಎಷ್ಟು ಕಾಲ ತೆರೆದಿರಬೇಕೆಂದು ನಿರ್ಧರಿಸುವುದು ನಿಯಂತ್ರಕ. ಅದರ ಕ್ಷೀಣ ಸಂಕೇತವನ್ನು ಸ್ವೀಕರಿಸಿ, ಟ್ರಾನ್ಸಿಸ್ಟರುಗಳನ್ನು ಕ್ಷಣಾರ್ಧದಲ್ಲಿ ಎಚ್ಚರಿಸಬಲ್ಲ ಪ್ರಬಲ ಪ್ರವಾಹವನ್ನು ಒದಗಿಸುವುದು ಚಾಲಕ.

ಚಾಲಕನಿಗೆ ಇನ್ನೊಂದು ಹೊಣೆಯೂ ಇದೆ. ಎರಡು ಸ್ವಿಚ್ಚುಗಳೂ ಒಮ್ಮೆಗೇ ವಿದ್ಯುತ್ತನ್ನು ಹರಿಯಬಿಟ್ಟರೆ 12 ವೋಲ್ಟಿನ ಪ್ರವಾಹವು ನೇರವಾಗಿ ಶೂನ್ಯಕ್ಕೆ ಧುಮುಕಿ ಟ್ರಾನ್ಸಿಸ್ಟರುಗಳು ಸುಟ್ಟುಹೋಗಬಹುದು. ಆದ್ದರಿಂದ ಒಂದು ಪೂರ್ತಿ ಮುಚ್ಚಿದ ಬಳಿಕವೇ ಚಾಲಕವು ಮತ್ತೊಂದನ್ನು ತೆರೆಯುತ್ತದೆ. ಈ ವಿರಾಮವು ಕೆಲವೇ ನ್ಯಾನೋಸೆಕೆಂಡುಗಳಷ್ಟಿರುತ್ತದೆ. ಅದು ಕಡಿಮೆಯಾದರೆ ಅಪಾಯ, ಹೆಚ್ಚಾದರೆ ನಷ್ಟ.

ಸಂಕೇತದ ಮೂರು ಮಟ್ಟಗಳು

ನಿಯಂತ್ರಕದಿಂದ ಚಾಲಕಕ್ಕೆ ಹೋಗುವ ತಂತಿ ಒಂದೇ ಆದರೂ ಅದರಲ್ಲಿ ಮೂರು ಆಜ್ಞೆಗಳು ಸಾಗುತ್ತವೆ. ಸಂಕೇತವು ಮೇಲ್ಮಟ್ಟದಲ್ಲಿದ್ದರೆ ಮೇಲಿನ ಸ್ವಿಚ್ಚು ಕಾರ್ಯಪ್ರವೃತ್ತವಾಗಬೇಕು, ಕೆಳಮಟ್ಟದಲ್ಲಿದ್ದರೆ ಕೆಳಗಿನದು. ನಿಯಂತ್ರಕವು ತಂತಿಯನ್ನು ಎತ್ತಲೂ ಎಳೆಯದೆ ಬಿಟ್ಟುಕೊಟ್ಟಾಗ, ಚಾಲಕದೊಳಗಿನ ರೋಧಕಗಳು ಅದನ್ನು ನಡುಮಟ್ಟದಲ್ಲಿ ನಿಲ್ಲಿಸುತ್ತವೆ. ಆಗ ಎರಡು ಸ್ವಿಚ್ಚುಗಳೂ ವಿಶ್ರಮಿಸಬೇಕೆಂದು ಅರ್ಥ.

ಉಳಿತಾಯದ ಗುಟ್ಟು ಈ ಮೂರನೆಯ ಆಜ್ಞೆಯಲ್ಲಿದೆ. ಪ್ರೊಸೆಸರಿಗೆ ಕೆಲಸ ಕಡಿಮೆಯಿರುವಾಗ ಸುರುಳಿಯ ಪ್ರವಾಹವು ಇಳಿಯುತ್ತಾ ಶೂನ್ಯವನ್ನು ಮುಟ್ಟುತ್ತದೆ. ಆಗಲೂ ಕೆಳಗಿನ ಸ್ವಿಚ್ಚು ತೆರೆದೇ ಇದ್ದರೆ ಪ್ರವಾಹವು ಹಿಮ್ಮುಖವಾಗಿ ಹರಿದು, ಕೆಪಾಸಿಟರಿನಲ್ಲಿ ಸಂಗ್ರಹವಾದ ವಿದ್ಯುತ್ತು ಬರಿದಾಗತೊಡಗುತ್ತದೆ. ಸರಿಯಾದ ಕ್ಷಣದಲ್ಲಿ ಎರಡನ್ನೂ ಮುಚ್ಚಿದರೆ ಈ ಸೋರಿಕೆ ನಿಲ್ಲುತ್ತದೆ. ಇದಲ್ಲದೆ, ನೂರಾರು ಆಂಪಿಯರು ಬೇಡುವ ಪ್ರೊಸೆಸರಿಗೆ ಸ್ವಿಚ್ಚುಗಳ ಹಲವು ಜೋಡಿಗಳು ಸರದಿಯಂತೆ ದುಡಿಯುತ್ತವೆ. ಬೇಡಿಕೆ ತಗ್ಗಿದಾಗ ಕೆಲವು ಜೋಡಿಗಳಿಗೆ ನಡುಮಟ್ಟದ ಸಂಕೇತವಿತ್ತು ಅವನ್ನು ಸುಮ್ಮನಿರಿಸಲಾಗುತ್ತದೆ.

ಸಂಕೇತದ ಅರ್ಥದಲ್ಲಿ ಒಮ್ಮತ

ಮೇಲಿನಿಂದ ಕೆಳಕ್ಕೆ ಇಳಿಯುವ ಪ್ರತಿ ಸಂಕೇತವೂ ನಡುಮಟ್ಟವನ್ನು ದಾಟಿಯೇ ಹೋಗಬೇಕು. ಅದನ್ನು ವಿಶ್ರಾಂತಿಯ ಆಜ್ಞೆಯೆಂದು ಭ್ರಮಿಸದಿರಲು, ಸಂಕೇತವು ಅಲ್ಲಿ ಸ್ವಲ್ಪ ಕಾಲ ನಿಂತರೆ ಮಾತ್ರ ಚಾಲಕವು ಅದನ್ನು ಮಾನ್ಯ ಮಾಡುತ್ತದೆ. ಎರಡೂ ಬಿಡಿಭಾಗಗಳ ಮಟ್ಟಗಳು ಹೊಂದಿಕೆಯಾಗುವುದೂ ಅಗತ್ಯ. 5 ವೋಲ್ಟಿನ ಸಂಕೇತಕ್ಕೆ ರಚಿತವಾದ ಚಾಲಕಕ್ಕೆ 3.3 ವೋಲ್ಟಿನ ನಿಯಂತ್ರಕವನ್ನು ಜೋಡಿಸಿದರೆ, ಮೇಲ್ಮಟ್ಟವನ್ನೇ ಅದು ನಡುಮಟ್ಟವೆಂದು ಗ್ರಹಿಸುವ ಸಂಭವವುಂಟು.

ಸಂಭಾಷಣೆ ಏಕಮುಖವಲ್ಲ. ಆಧುನಿಕ ಚಾಲಕಗಳು ತಮ್ಮ ಪ್ರವಾಹವನ್ನೂ ಉಷ್ಣತೆಯನ್ನೂ ದೋಷವಿದ್ದರೆ ಅದನ್ನೂ ನಿಯಂತ್ರಕಕ್ಕೆ ವರದಿ ಮಾಡುತ್ತವೆ. ಒಂದು ಜೋಡಿ ಅತಿಯಾಗಿ ದುಡಿಯುತ್ತಿದ್ದರೆ ನಿಯಂತ್ರಕವು ಹೊರೆಯನ್ನು ಉಳಿದವುಗಳಿಗೆ ಹಂಚುತ್ತದೆ.

ಒಂದು ಲೆಕ್ಕ

200 ವಾಟ್ ಬಳಸುವ ಒಂದು ಪ್ರೊಸೆಸರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ದಕ್ಷತೆ ನೂರಕ್ಕೆ 85 ಇದ್ದರೆ ಒದಗಿಸಬೇಕಾದದ್ದು ಸುಮಾರು 235 ವಾಟ್. 90 ಇದ್ದರೆ 222 ವಾಟ್. ವ್ಯತ್ಯಾಸ ಕೇವಲ 13 ವಾಟ್, ಒಂದು ಸಣ್ಣ ಎಲ್‌ಇಡಿ ದೀಪದಷ್ಟು. ಆದರೆ ಇಂತಹ ಒಂದು ಲಕ್ಷ ಪ್ರೊಸೆಸರುಗಳು ದಿನವಿಡೀ ನಡೆದರೆ ಉಳಿತಾಯವು ದಿನಕ್ಕೆ ಸುಮಾರು 31,000 ಯೂನಿಟ್ಟುಗಳಾಗುತ್ತದೆ. ತಂಪುಗೊಳಿಸುವ ವೆಚ್ಚದಲ್ಲಿನ ಉಳಿತಾಯ ಇದಕ್ಕೆ ಹೊರತು.

ಇದೇ ತತ್ತ್ವವು ಮಡಿಲಿನ ಗಣಕದಲ್ಲಿಯೂ ಅಂಗೈಯ ಮೊಬೈಲಿನಲ್ಲಿಯೂ ಬಳಕೆಯಲ್ಲಿದೆ. ಕೆಲಸವಿಲ್ಲದ ವೇಳೆಯಲ್ಲಿ ದೀಪ, ಪಂಖಗಳನ್ನು ಆರಿಸುವುದು ಮನೆಯ ಮಿತವ್ಯಯವಾದರೆ, ಅದೇ ವಿವೇಕವನ್ನು ಸೆಕೆಂಡಿಗೆ ಲಕ್ಷಾಂತರ ಬಾರಿ ಪಾಲಿಸುವುದು ಈ ಮೂರನೆಯ ಸಂಕೇತದ ಕಾರ್ಯವಾಗಿದೆ.