ರಾಷ್ಟ್ರದ ಗುಡ್‌ವಿಲ್ ಮತ್ತು ನಾಯಕರ ವಿದೇಶಾಂಗ ನಡೆ

ಸಂಸ್ಥೆಯೊಂದು ತಾನೇ ಗಳಿಸಿಕೊಂಡ ಗುಡ್‌ವಿಲ್ ಅನ್ನು ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ತೋರಿಸುವಂತಿಲ್ಲ. ಆದರೂ ಸಾಲ ಕೊಡುವವನು ಮೊದಲು ವಿಚಾರಿಸುವುದು ಅದನ್ನೇ. ರಾಷ್ಟ್ರಗಳ ವಿಷಯದಲ್ಲಿಯೂ ಇದು ನಿಜ. ಈ ಗುಡ್‌ವಿಲ್‌ನ ಏರಿಳಿತದಲ್ಲಿ ನಾಯಕರ ಪಾತ್ರವೆಷ್ಟೆಂಬುದನ್ನು ಅರಿಯಲು ಅಟಲ್ ಬಿಹಾರಿ ವಾಜಪೇಯಿಯವರ ಆಡಳಿತಾವಧಿ ಅಧ್ಯಯನಯೋಗ್ಯವಾಗಿದೆ.

1998ರ ಮೇ 11 ಮತ್ತು 13ರಂದು ಪೋಖ್ರಾನ್‌ನಲ್ಲಿ ಅಣುಪರೀಕ್ಷೆಗಳು ನಡೆದವು. ಅಮೆರಿಕ, ಜಪಾನ್ ಮೊದಲಾದ ದೇಶಗಳು ಆರ್ಥಿಕ ನಿರ್ಬಂಧಗಳನ್ನು ಹೇರಿದವು. ಜೂನ್‌ನಲ್ಲಿ ಮೂಡೀಸ್ ಸಂಸ್ಥೆಯು ಭಾರತವನ್ನು ಹೂಡಿಕೆಯೋಗ್ಯ ದರ್ಜೆಯಿಂದ ಕೆಳಗಿಳಿಸಿತು. ಇಂತಹ ಇಳಿತದ ಭಾರವು ಸಣ್ಣ ಆಮದುದಾರನನ್ನೂ ತಟ್ಟುತ್ತದೆ. ಇಲ್ಲಿನ ಬ್ಯಾಂಕು ನೀಡಿದ ಎಲ್.ಸಿ.ಗೆ ವಿದೇಶಿ ಮಾರಾಟಗಾರನು ತನ್ನ ದೇಶದ ಬ್ಯಾಂಕಿನ ದೃಢೀಕರಣವನ್ನೂ ಕೇಳಿದರೆ, ಆ ಶುಲ್ಕವು ಕಡೆಗೆ ಸರಕಿನ ಬೆಲೆಗೆ ಸೇರುತ್ತದೆ. ಬೆಂಗಳೂರಿನ ಲಘು ಯುದ್ಧವಿಮಾನ ಯೋಜನೆಗೆ ದೊರೆಯುತ್ತಿದ್ದ ಅಮೆರಿಕದ ತಾಂತ್ರಿಕ ನೆರವೂ ನಿಂತಿತು. ಭಾರತೀಯ ಸ್ಟೇಟ್ ಬ್ಯಾಂಕು ಅದೇ ವರ್ಷ ಅನಿವಾಸಿ ಭಾರತೀಯರಿಂದ ಸುಮಾರು 420 ಕೋಟಿ ಡಾಲರ್ ಸಂಗ್ರಹಿಸಿದ್ದರಿಂದ ವಿದೇಶಿ ವಿನಿಮಯದ ಮೇಲಿನ ಒತ್ತಡ ತಗ್ಗಿತು.

ರಾಜತಾಂತ್ರಿಕತೆಯ ಮೊದಲ ಹೆಜ್ಜೆಯೇ ಎಡವಿತ್ತೆನ್ನಬೇಕು. ಚೀನಾದ ಹೆಸರೆತ್ತದೆ ಅದರತ್ತ ಬೆರಳು ತೋರಿದ, ಕ್ಲಿಂಟನ್‌ರಿಗೆ ಬರೆದ ಪತ್ರವು ಅಮೆರಿಕದ ಪತ್ರಿಕೆಯಲ್ಲಿ ಪ್ರಕಟವಾಗಿ ಬೀಜಿಂಗ್ ಮುನಿಯಿತು. ಆದರೆ ಇನ್ನು ಪರೀಕ್ಷೆ ನಡೆಸುವುದಿಲ್ಲ, ಅಣ್ವಸ್ತ್ರವನ್ನು ಮೊದಲಾಗಿ ಬಳಸುವುದಿಲ್ಲ ಎಂಬ ಘೋಷಣೆಗಳು ಬಂದವು. ಜಸ್ವಂತ್ ಸಿಂಗ್ ಮತ್ತು ಸ್ಟ್ರೋಬ್ ಟಾಲ್ಬಟ್ ಹಲವು ಸುತ್ತಿನ ಮಾತುಕತೆ ನಡೆಸಿದರು. 1999ರ ಫೆಬ್ರವರಿಯಲ್ಲಿ ವಾಜಪೇಯಿಯವರು ಬಸ್ಸಿನಲ್ಲಿ ಲಾಹೋರಿಗೆ ತೆರಳಿದರು. ಕೆಲವೇ ತಿಂಗಳಲ್ಲಿ ಕಾರ್ಗಿಲ್ ಯುದ್ಧ ನಡೆದರೂ ಭಾರತದ ಪಡೆಗಳು ನಿಯಂತ್ರಣ ರೇಖೆಯನ್ನು ದಾಟದಂತೆ ಸರ್ಕಾರ ತಡೆದಿತ್ತು. ಹೊಣೆಯರಿತ ರಾಷ್ಟ್ರವೆಂಬ ಹೆಸರನ್ನು ಭಾಷಣಗಳಿಗಿಂತ ಹೆಚ್ಚಾಗಿ ತಂದುಕೊಟ್ಟದ್ದು ಈ ಸಂಯಮವೇ. 2000ದ ಮಾರ್ಚ್‌ನಲ್ಲಿ ಕ್ಲಿಂಟನ್ ಭಾರತಕ್ಕೆ ಬಂದರು; ಅದು 22 ವರ್ಷಗಳ ತರುವಾಯ ಅಮೆರಿಕದ ಅಧ್ಯಕ್ಷರೊಬ್ಬರ ಭೇಟಿ.

2001ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನಿರ್ಬಂಧಗಳು ತೆರವಾದವು. ನ್ಯೂಯಾರ್ಕ್ ದಾಳಿಯ ನಂತರ ಅಮೆರಿಕಕ್ಕೂ ಮಿತ್ರರು ಬೇಕಾಗಿದ್ದರು. ಆದುದರಿಂದ ಎಲ್ಲವನ್ನೂ ರಾಜತಾಂತ್ರಿಕತೆಯ ಖಾತೆಗೇ ಜಮೆ ಮಾಡುವುದು ಸರಿಯಲ್ಲ. ಹೂಡಿಕೆಯೋಗ್ಯ ದರ್ಜೆಯನ್ನು ಮೂಡೀಸ್ ಮರಳಿ ನೀಡಿದ್ದು 2004ರ ಜನವರಿಯಲ್ಲಿ. ಕಳೆದುಕೊಳ್ಳಲು ಕೆಲವೇ ವಾರಗಳು ಸಾಕಾದವು, ಮರಳಿ ಪಡೆಯಲು ಐದು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ಮುನಿದಿದ್ದ ಚೀನಾಕ್ಕೆ ವಾಜಪೇಯಿಯವರು 2003ರ ಜೂನ್‌ನಲ್ಲಿ ಭೇಟಿಯಿತ್ತು, ಸಿಕ್ಕಿಂ ಮಾರ್ಗದ ಗಡಿ ವ್ಯಾಪಾರಕ್ಕೆ ಒಪ್ಪಂದ ಮಾಡಿಕೊಂಡರು. 1962ರಿಂದ ಮುಚ್ಚಿದ್ದ ನಾಥು ಲಾ ಕಣಿವೆ ಮಾರ್ಗವು 2006ರ ಜುಲೈ 6ರಂದು ವರ್ತಕರಿಗೆ ತೆರೆಯಿತು. ಅಷ್ಟರಲ್ಲಿ ದೆಹಲಿಯಲ್ಲಿ ಸರ್ಕಾರ ಬದಲಾಗಿತ್ತು.